ಹಾಡುವ ಯಂತ್ರಕ್ಕೆ ಉಸಿರು ಮಂಜೂರು ಮಾಡುವ ಕುರಿತು

ಸಂಖ್ಯೆ: ಧ್ವಮು/ಉಸಿರು/17

ವಿಷಯ: ಹಾಡುವ ತಂತ್ರಾಂಶವು ಉಸಿರಾಡದಿರುವುದರಿಂದ ಸಿಬ್ಬಂದಿಗೆ ಆಗುತ್ತಿರುವ ತೊಂದರೆ.

ಉಲ್ಲೇಖ: ಬೆರಳಚ್ಚುಗಾರರು ಕುರ್ಚಿಯಿಂದ ಜಾರಿಬಿದ್ದ ಬಗ್ಗೆ ದಾದಿಯವರ ವರದಿ.

ಧ್ವನಿಮುದ್ರಣ ಶಾಖೆಯ ಗಾಯಕಿಯವರಿಂದ (ಕಚೇರಿಗೆಲ್ಲ ‘ಅಕ್ಕ’) ಹನ್ನೊಂದು ದಿನ ಒಂದೊಂದೇ ಅಕ್ಷರ ಹಾಡಿಸಿ ತಂತ್ರಾಂಶಕ್ಕೆ ತುಂಬಲಾಗಿದೆ. ಆಪರೇಟರು ಸ್ವರ, ತಾಳಗಳನ್ನು ನಮೂದಿಸಿದರೆ ಯಂತ್ರವು ಅಕ್ಕನ ಕಂಠದಲ್ಲೇ ಹಾಡುತ್ತದೆ; ಸಾಲೊಂದಕ್ಕೆ ಎರಡು ದಿನ ಹಿಡಿಯುತ್ತದೆ. ಕೆಲಸ ಹೀಗೆ ಚುರುಕಾದ ಕಾರಣ ಅಕ್ಕನವರ ಹುದ್ದೆಯನ್ನು ಮಾಸಾಂತ್ಯಕ್ಕೆ ರದ್ದುಪಡಿಸಲು ಪ್ರಸ್ತಾಪಿಸಲಾಗಿತ್ತು.

ಆದರೆ ಅಕ್ಕ ಉಸಿರೆಳೆದುಕೊಂಡ ಸದ್ದನ್ನೆಲ್ಲ ಆಪರೇಟರು ‘ಕಸ’ ಎಂದು ಪರಿಗಣಿಸಿ ಕತ್ತರಿಸಿರುವುದು ತಡವಾಗಿ ಗಮನಕ್ಕೆ ಬಂದಿದೆ. ಸೋಮವಾರ ಪರೀಕ್ಷಾರ್ಥ ಕೇಳಿಸಿದ ಆರು ಸಾಲಿನ ಪದ್ಯದಲ್ಲಿ ಯಂತ್ರವು ಎಲ್ಲಿಯೂ ಉಸಿರಾಡಲಿಲ್ಲ. ನಮ್ಮ ಸಿಬ್ಬಂದಿ ಚಿಕ್ಕಂದಿನಿಂದ ಪದ್ಯ ಕೇಳಿ ಬೆಳೆದವರು. ಹಾಡುವವರು ಉಸಿರೆಳೆದುಕೊಂಡಾಗಲೇ ತಾವೂ ಉಸಿರಾಡುವ ರೂಢಿಯವರು. ಯಂತ್ರ ಉಸಿರಾಡಲಿಲ್ಲ, ಇವರೂ ಉಸಿರಾಡಲಿಲ್ಲ. ನಾಲ್ಕನೆಯ ಸಾಲಿಗೆ ಬೆರಳಚ್ಚುಗಾರರು ಜಾರಿಬಿದ್ದರು. ಆದಕಾರಣ ಸಂಬಂಧಪಟ್ಟವರಿಗೆಲ್ಲ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಯಂತ್ರ ಹಾಡುವಾಗ ಸಿಬ್ಬಂದಿಯು ಸ್ವಂತ ಜವಾಬ್ದಾರಿಯ ಮೇಲೆ ಉಸಿರಾಡತಕ್ಕದ್ದು.

2. ಉಸಿರಾಟವು ಪಾಳಿಯ ಪ್ರಕಾರ ನಡೆಯತಕ್ಕದ್ದು. ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟರೆ ಕಾಗದಪತ್ರಗಳು ಹಾರುತ್ತವೆ.

3. ಕತ್ತರಿಸಿದ ಉಸಿರುಗಳಿಗಾಗಿ ಕಚೇರಿಯ ಕಸದ ಬುಟ್ಟಿಗಳನ್ನು ಶೋಧಿಸಲಾಯಿತು. ಛತ್ರಿಯ ಹಿಡಿಯೊಂದು ಸಿಕ್ಕಿದ್ದು, ಕಳೆದುಕೊಂಡವರು ಗುರುತು ಹೇಳಿ ಪಡೆಯತಕ್ಕದ್ದು.

4. ಹನ್ನೆರಡು ಉಸಿರುಗಳನ್ನು ಬಿಡಿಯಾಗಿ ಒದಗಿಸುವಂತೆ ಅಕ್ಕನವರನ್ನು ಲಿಖಿತವಾಗಿ ಕೋರಲಾಯಿತು. ಅವರ ಉತ್ತರ ಯಥಾವತ್ತಾಗಿ: “ಬರೀ ಉಸಿರು ಊದೋಕೆ ನಾನೇನು ಕುಲುಮೆ ತಿದಿನಾ? ಹಾಡ್ತಾ ಇದ್ರೆ ಅದು ತಾನಾಗೇ ಬರುತ್ತಪ್ಪಾ. ಮೊದಲು ನನ್ನ ಕೆಲಸದ ಗತಿ ಏನು ಅಂತ ಹೇಳಿ.”

5. ಸದರಿ ಹೇಳಿಕೆಯ ಪರಿಶೀಲನೆಗಾಗಿ ಮಂಗಳವಾರ ಅದೇ ಪದ್ಯವನ್ನು ಅವರಿಂದ ಹಾಡಿಸಲಾಯಿತು. ಎರಡನೆಯ ಸಾಲಿನ ಕೊನೆಗೆ ಅವರು ಅರೆಗಳಿಗೆ ನಿಂತರು. ಕಚೇರಿಗೆ ಕಚೇರಿಯೇ ಹಗುರಾಯಿತು. ಆಗ ಮೇಲಧಿಕಾರಿಗಳು ಕಣ್ಣೊರೆಸಿಕೊಂಡದ್ದನ್ನು ಧೂಳಿನ ಕಾರಣವೆಂದೇ ದಾಖಲಿಸತಕ್ಕದ್ದು.

6. ಹಾಡಿನಿಂದ ಉಸಿರನ್ನು ಬೇರ್ಪಡಿಸಿ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಉಸಿರು ಬೇಕಾದಲ್ಲೆಲ್ಲ ಅಕ್ಕನವರು ಇಡೀ ಹಾಡನ್ನೇ ಹಾಡತಕ್ಕದ್ದು. ಯಂತ್ರವು ಪಕ್ಕದಲ್ಲಿ ಸುಮ್ಮನಿದ್ದು ಕೇಳತಕ್ಕದ್ದು. ಹುದ್ದೆ ರದ್ದತಿಯ ಪ್ರಸ್ತಾವನೆಯನ್ನು ಕೈಬಿಡಲಾಗಿದೆ.

(ಸಹಿ/-)
ಅಧೀಕ್ಷಕರು, ಧ್ವನಿಮುದ್ರಣ ಶಾಖೆ

ಪ್ರತಿಗಳು:

ಆಪರೇಟರಿಗೆ: ಇನ್ನು ಮುಂದೆ ಯಾವುದನ್ನೇ ಕಸ ಎನ್ನುವ ಮೊದಲು ಯಾರನ್ನಾದರೂ ಕೇಳಲು.

ಬೆರಳಚ್ಚುಗಾರರಿಗೆ: ಕೈಯಿರುವ ಕುರ್ಚಿ ಬರುವವರೆಗೆ ನೆಲದ ಮೇಲೆ ಕುಳಿತು ಕೇಳಲು.

ಅಕ್ಕನವರ ಅತ್ತೆಯವರಿಗೆ: ಸೊಸೆಯ ಕೆಲಸ ಇದೆಯೋ ಹೋಯಿತೋ ಎಂದು ದಿನಕ್ಕೆ ಮೂರು ಬಾರಿ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಇದೆ.