ಕಾರಿಗೆ ಹುಣಸೆಹಣ್ಣಿನ ಚಿಕಿತ್ಸೆ

ಇನ್ನು ಮುಂದೆ ಯಾವ ಮೆಕ್ಯಾನಿಕ್ಕನೂ ನನ್ನ ಕಾರಿನ ಬಾನೆಟ್ಟು ಎತ್ತಕೂಡದು! ಬೇಲೂರಿನ ನಮ್ಮ ಮನೆಯ ಜಗಲಿಯ ಮೇಲೆ ನಿಂತು ನಾನು ಹೀಗೆಂದು ಘೋಷಿಸಿದ್ದು ಅರವತ್ತೊಂದನೆಯ ಇಸವಿಯ ಒಂದು ಶನಿವಾರ ಸಂಜೆ. ನಾನೆಂದರೆ ಸಾಮಾನ್ಯನೆ? ಹೈಸ್ಕೂಲಿನಲ್ಲಿ ಹನ್ನೆರಡು ವರ್ಷದಿಂದ ವಿಜ್ಞಾನ ಪಾಠ ಹೇಳುತ್ತಿರುವ ಭಾಷ್ಯಂ ಮೇಷ್ಟ್ರು. ಉಗಿಯಂತ್ರದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಬಿಕ್ಕೋಡಿನ ಎಸ್ಟೇಟೊಂದರಿಂದ ಕೊಂಡ ಈ ಮುದಿ ಕಾರು ಮಾತ್ರ ನನ್ನ ವಿದ್ವತ್ತಿಗೆ ಮರ್ಯಾದೆ ಕೊಡದೆ, ಹತ್ತು ಮೈಲಿ ಓಡಿದರೆ ಸಾಕು, ಕುದಿಯತೊಡಗುತ್ತಿತ್ತು.

ಮಾರನೆಯ ದಿನ ಅದು ಕುದಿಯುವಂತಿರಲಿಲ್ಲ. ನನ್ನ ತಂಗಿ ಕೋಮಲವಲ್ಲಿಯನ್ನು ನೋಡಲು ಗಂಡಿನ ಕಡೆಯವರು ರೈಲಿನಲ್ಲಿ ಅರಸೀಕೆರೆಗೆ ಬಂದಿಳಿಯುವವರಿದ್ದರು. “ಕಾರಿನಲ್ಲೇ ಕರೆತರುತ್ತೇನೆ” ಎಂದು ಕಾಗದದಲ್ಲಿ ಜಂಬ ಕೊಚ್ಚಿದ್ದೆ. ಹುಡುಗ ಯೋಗನರಸಿಂಹನಿಗೆ ರೈಲ್ವೆಯಲ್ಲಿ ಇಂಜಿನ್ ರಿಪೇರಿಯ ಕೆಲಸ! ಅಂಥವನ ಮುಂದೆ ನಮ್ಮ ಇಂಜಿನ್ನು ಉಸ್ಸೆಂದರೆ ಮಾನ ಉಳಿಯುತ್ತದೆಯೆ? ಅದೂ ಅಲ್ಲದೆ ಮೂರು ಸಂಬಂಧ ತಪ್ಪಿಹೋಗಿ ನಾಲ್ಕನೆಯದು ಇದು.

ರೋಗವನ್ನು ಆಗಲೇ ಪತ್ತೆಹಚ್ಚಿದ್ದೆ. ರೇಡಿಯೇಟರ್ ಎಂದರೆ ಇಂಜಿನ್ನಿನ ಬಿಸಿನೀರು ತಣ್ಣಗಾಗುವ ಹಿತ್ತಾಳೆಯ ತೊಟ್ಟಿ. ಅದರ ಸಣ್ಣ ಕೊಳವೆಗಳಲ್ಲಿ ಕಿಲುಬು ಕಟ್ಟಿದೆ. ಹಿತ್ತಾಳೆಯ ಕಿಲುಬಿಗೆ ಮದ್ದು ಯಾವುದು? ಯಾವ ಹೆಂಗಸನ್ನು ಬೇಕಾದರೂ ಕೇಳಿ! ಅಡುಗೆಮನೆಗೆ ನುಗ್ಗಿ ಹುಣಸೆಹಣ್ಣಿನ ಭರಣಿಗೆ ಕೈ ಹಾಕಿದೆ.

“ರೀ, ಅದು ನಾಳೆ ಪುಳಿಯೋಗರೆಗೆ ಇಟ್ಟಿರೋದು!” ಎಂದಳು ಹೆಂಡತಿ ಯದುಗಿರಿ.

“ವಿಜ್ಞಾನಕ್ಕೆ ಅಡ್ಡ ಬರಬೇಡ ಕಣೇ.”

“ಸರಿ, ಸೋಸಿಯಾದರೂ ಹಾಕ್ರೀ. ನಾರು ಇರತ್ತೆ.”

“ಪಾತ್ರೆ ಉಜ್ಜೋವಾಗ ನೀನು ಸೋಸ್ತೀಯಾ?”

ಅವಳು ಸುಮ್ಮನಾದಳು. ಹೆಂಡತಿ ಸುಮ್ಮನಾದಾಗ ಗಂಡಸು ಹೆದರಬೇಕು ಎಂಬುದು ಯಾವ ವಿಜ್ಞಾನದ ಪುಸ್ತಕದಲ್ಲೂ ಇಲ್ಲ. ಭರಣಿಯಲ್ಲಿದ್ದಷ್ಟನ್ನೂ ಬಿಸಿನೀರಿನಲ್ಲಿ ಕಿವುಚಿ, ನಾರು ಹಿಪ್ಪೆ ಸಮೇತ ರೇಡಿಯೇಟರಿಗೆ ಹುಯ್ದೆ. ಬೆಳಿಗ್ಗೆ ಅದನ್ನು ಬಸಿಯಲೆಂದು ಕೆಳಗಿನ ನಲ್ಲಿ ತಿರುಗಿಸಿದರೆ ನೀರು ತೊಟ್ಟು ತೊಟ್ಟಾಗಿ ಬಂತು. ಹೊತ್ತಾಗಿತ್ತು. ಓಡುತ್ತ ಓಡುತ್ತ ಎಲ್ಲ ಸರಿಹೋಗುತ್ತದೆ ಎಂದು ಯದುಗಿರಿಯನ್ನು ಕೂರಿಸಿಕೊಂಡು ಹೊರಟೇಬಿಟ್ಟೆ.

ಹಳೇಬೀಡಿನ ಕೆರೆ ಕಾಣುವಷ್ಟರಲ್ಲಿ ಬಾನೆಟ್ಟಿನಿಂದ ಎದ್ದ ಉಗಿಯಲ್ಲಿ ರಸ್ತೆಯೇ ಮಾಯವಾಯಿತು. ಕಾರು ನಟ್ಟನಡುವೆ ನಿಂತಿತು. ಇಳಿದು ತನಿಖೆ ಆರಂಭಿಸಿದೆ! ಫ್ಯಾನಿನ ಬೆಲ್ಟು ಒತ್ತಿ ನೋಡಿದೆ, ಬಿಗಿಯಾಗಿತ್ತು. ರಬ್ಬರ್ ಪೈಪು ಹಿಸುಕಿ ನೋಡಿದೆ, ಕೈ ಸುಟ್ಟಿತು.

“ರೀ, ಏನೋ ವಾಸನೆ…”

“ಇಂಜಿನ್ ಆಯಿಲ್ದು.”

“ನಮ್ಮತ್ತೆ ಗೊಜ್ಜು ಕಾಯಿಸೋವಾಗ್ಲೂ ಆಯಿಲ್ ಹೀಗೇ ವಾಸನೆ ಬರ್ತಿತ್ತು!”

ಅಷ್ಟರಲ್ಲಿ ಪಕ್ಕದ ರಾಗಿ ಹೊಲದಿಂದ ಕೆಂಚಪ್ಪ ಎಂಬ ರೈತ ಬಂದು ಮೂಗರಳಿಸಿದ. “ಏನ್ ಸ್ವಾಮಿ, ಒಳಗೆ ಸಾರು ಕುದೀತಾ ಐತಾ? ಒಗ್ಗರಣೆ ಇನ್ನೂ ಬಿದ್ದಂಗಿಲ್ಲ.”

“ಅದು ಉಗಿ ಕಣಯ್ಯಾ!”

“ಸಾರಿಗೂ ಉಗಿ ಐತಲ್ಲ ಸ್ವಾಮಿ.”

ಮಾತು ಹೇಗಾದರೂ ಇರಲಿ, ಕೆರೆಯಿಂದ ಕೊಡಗಟ್ಟಲೆ ನೀರು ತಂದುಕೊಟ್ಟ ಪುಣ್ಯಾತ್ಮ ಅವನೇ. ಹುಯ್ದ ನೀರೆಲ್ಲ ಕಂದುಬಣ್ಣಕ್ಕೆ ತಿರುಗಿ ಮೇಲಿನಿಂದಲೇ ಉಕ್ಕಿ ನನ್ನ ಬಿಳೀ ಪಂಚೆಗೆ ಅಭಿಷೇಕವಾಯಿತು. ರೈಲಿನ ಹೊತ್ತು ಮೀರಿತು. ನನ್ನ ಜಂಬಕ್ಕೆ ತಂಗಿಯ ಮದುವೆ ಬಲಿಯಾಯಿತಲ್ಲ ಎಂದು, ನಿಜ ಹೇಳುತ್ತೇನೆ, ಅಳುವೇ ಬಂತು.

ಆಗ ಅರಸೀಕೆರೆ ಕಡೆಯಿಂದ ಬಂದ ಬಸ್ಸೊಂದು ದಾರಿ ಸಿಗದೆ ನಿಂತು ಹಾರನ್ ಹೊಡೆಯಿತು. ಹಣೆಗೆ ನಾಮ ಹಚ್ಚಿದ ಹಿರಿಯರೊಬ್ಬರು, ಹಿಂದೆಯೇ ಒಬ್ಬ ಯುವಕ, ಇಳಿದು ಬಂದರು.

“ಸ್ವಾಮಿ, ಬೇಲೂರಿನ ಭಾಷ್ಯಂ ಅನ್ನೋವರು ಸ್ಟೇಷನ್ನಿಗೆ ಕಾರು ತರ್ತೀನಿ ಅಂದಿದ್ರು. ಕಾದು ಕಾದು ಸಾಕಾಗಿ ಬಸ್ಸು ಹತ್ತಿದ್ವಿ. ದಾರೀಲಿ ಎಲ್ಲಾದ್ರೂ ಕಂಡ್ರಾ?”

ಭೂಮಿ ಬಾಯಿ ಬಿಡಲಿಲ್ಲ. “ಅದು… ನಾನೇ. ಇದೇ ಆ ಕಾರು” ಎಂದೆ.

ಯುವಕ, ಅಂದರೆ ಯೋಗನರಸಿಂಹ, ಅಂಗಿಯ ತೋಳು ಮಡಿಸಿದ. ಇಂಜಿನ್ನು ಆರುವವರೆಗೆ ಕಾದು ಕೆಳಗಿನ ಪೈಪು ಬಿಚ್ಚಿದ. ನಾರು, ಹಿಪ್ಪೆ, ಎರಡು ಬೀಜ ಬುಳಬುಳನೆ ಹೊರಬಿದ್ದವು. ಬೆರಳಿಗೆ ತಗುಲಿದ್ದನ್ನು ಮೂಸಿ ನೋಡಿ, “ಅಪ್ಪಾ, ಹುಣಸೆಹಣ್ಣು!” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹತ್ತು ಕೊಡ ನೀರಿನಲ್ಲಿ ಅವನೇ ತೊಳೆದು, ಅವನೇ ನಡೆಸಿಕೊಂಡು ಬೇಲೂರು ಮುಟ್ಟಿಸಿದ. ಹಾಳು ಕಾರು ಒಂದು ಸಲವೂ ಉಸ್ಸೆನ್ನಲಿಲ್ಲ!

ಮನೆಯಲ್ಲಿ ಹುಣಸೆಹಣ್ಣು ಚೂರೂ ಇರಲಿಲ್ಲವಾಗಿ ನೆಂಟರಿಗೆ ಚಿತ್ರಾನ್ನವೇ ಗತಿ. ಹುಡುಗನ ತಂದೆ ಗೋಪಾಲಸ್ವಾಮಿ ಅಯ್ಯಂಗಾರ್ಯರು ಗಂಭೀರವಾಗಿ ಉಂಡು ಕೈತೊಳೆದರು. ತಂಗಿ ತಲೆ ತಗ್ಗಿಸಿ ಕೂತಿದ್ದಳು. ಯದುಗಿರಿ ಮೆಲ್ಲಗೆ ಬಾಯಿ ತೆರೆದಳು.

“ಪುಳಿಯೋಗರೆ ಮಾಡಬೇಕೂಂತಿದ್ವಿ… ನಮ್ಮ ಕೋಮಲ ಬಹಳ ಚೆನ್ನಾಗಿ ಮಾಡ್ತಾಳೆ.”

“ಅದನ್ನ ಬೇರೆ ಹೇಳಬೇಕೇನಮ್ಮಾ?” ಎಂದರು ಅಯ್ಯಂಗಾರ್ಯರು. “ಅಣ್ಣ ರೇಡಿಯೇಟರಿನಲ್ಲೇ ಅಷ್ಟು ಘಮ್ಮಂತ ಗೊಜ್ಜು ಕಾಯಿಸಿದಾರೆ ಅಂದ್ಮೇಲೆ, ತಂಗಿ ಬಾಣಲೇಲಿ ಕಾಯಿಸಿದ್ರೆ ಇನ್ನೆಷ್ಟು ಚೆನ್ನಾಗಿರಬೇಡ! ತನ್ನಿ ತಾಂಬೂಲದ ತಟ್ಟೆ.”