ಜವರಕ್ಕನ ನಿಜವಾದ ಹೆಸರು

ಹಲ್ಲಿನ ಡಾಕ್ಟರಿಗೆ ಒಂದು ದೊಡ್ಡ ಅನುಕೂಲ ಇತ್ತು. ಅವರು ಮಾತಾಡುವಾಗ ಎದುರಿಗಿದ್ದವರು ಬಾಯಿ ತೆರೆದುಕೊಂಡಿರುತ್ತಿದ್ದರೇ ಹೊರತು ತಿರುಗಿ ಮಾತಾಡುವಂತಿರಲಿಲ್ಲ. ಹಾಗಾಗಿ ದವಡೆಗೆ ಸೂಜಿ ಚುಚ್ಚುತ್ತಲೇ ಅವರು ಲೋಕದ ಉಚ್ಚಾರದೋಷಗಳನ್ನೆಲ್ಲ ತಿದ್ದುತ್ತಿದ್ದರು. "ಆ ಶೂ ಕಂಪನಿಗೆ ಇಂಗ್ಲೆಂಡಿನವರು ನೈಕ್ ಅಂತಾರೆ, ಅಮೆರಿಕದವರು ನೈಕಿ ಅಂತಾರೆ. ಆ ಸೋಫಾ ಕಂಪನಿಗೆ ನೀವು ಐಕಿಯಾ ಅಂತೀರಿ, ಹುಟ್ಟಿದೂರಲ್ಲಿ ಅದು ಇಕೇಯಾ. ಹೆಸರು ಅನ್ನೋದು ಇಟ್ಟವರ ಸ್ವತ್ತು, ತಿಳೀತೇನ್ರಿ?" ರೋಗಿ "ಆಆ" ಎನ್ನುತ್ತಿದ್ದ. ಡಾಕ್ಟರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಿದ್ದರು.

ಮನೆಯಲ್ಲಿ ಮಾತ್ರ ಎಲ್ಲರ ಬಾಯಿಗೂ ಪೂರ್ಣ ಸ್ವಾತಂತ್ರ್ಯವಿತ್ತು.

ಹೊಸದಾಗಿ ಬಂದ ವಿದೇಶಿ ವಾಷಿಂಗ್ ಮಷಿನ್ನಿನಿಂದ ತಕರಾರು ಶುರುವಾಯಿತು. ಅದರ ಹಣೆಯ ಮೇಲಿದ್ದ ಹೆಸರನ್ನು ಹೆಂಡತಿ ಕಂಡಂತೆಯೇ "ಜೋವ್ರಕ್" ಎಂದು ಓದಿದಳು. ಅತ್ತೆ, ಅಂದರೆ ಹೆಂಡತಿಯ ತಾಯಿ, ಅಷ್ಟು ಶ್ರಮವನ್ನೂ ತೆಗೆದುಕೊಳ್ಳದೆ ಅದನ್ನು "ಜವರಕ್ಕ" ಮಾಡಿಕೊಂಡರು. (ಅದು ಬಟ್ಟೆ ಹಿಂಡುತ್ತಿದ್ದ ರೀತಿಗೆ ಆ ಹೆಸರು ಒಪ್ಪುತ್ತಿತ್ತು.) ಡಾಕ್ಟರು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಈ ಹೆಸರಿನ ಉಚ್ಚಾರ ಎಲ್ಲೂ ಸಿಗದೆ ತಾವೇ ತೀರ್ಪು ಕೊಟ್ಟರು.

"ಇದು ಫ್ರೆಂಚ್ ಕಣೇ. ಝೋವ್ರಾ. ಕೊನೇ ಅಕ್ಷರ ನುಂಗಿಬಿಡಬೇಕು."

"ಎಲ್ಲಾ ಅಕ್ಷರಕ್ಕೂ ದುಡ್ಡು ಕೊಟ್ಟಿದೀವಿ. ಯಾಕ್ರೀ ನುಂಗಬೇಕು?"

"ಝೋ ಅನ್ನುವಾಗ ನಾಲಗೆ ಹಲ್ಲಿನ ಹಿಂದೆ ನಿಲ್ಲಬೇಕು. ಉಚ್ಚಾರ ಇರೋದೇ ಹಲ್ಲಲ್ಲಿ!"

"ಹಾಗಾದ್ರೆ ನಿಮ್ಮ ಝೋವ್ರಾ ನೀವೇ ಹಾಕಿ, ನೀವೇ ಒಗೀರಿ" ಎಂದು ಅವಳು ಮೈಲಿಗೆ ಬಟ್ಟೆಯ ಬುಟ್ಟಿಯನ್ನು ಗಂಡನ ಕಾಲ ಬಳಿ ಕುಕ್ಕಿದಳು.

ಒಂದು ಭಾನುವಾರ ಅತ್ತೆಯ ಹಳೆಯ ಶಾಲೆಯ ಟೀಚರುಗಳೆಲ್ಲ ಸಂಜೆ ಸೇರುವುದಿತ್ತು. ನಿವೃತ್ತರಾದ ಮೇಲೆ ಮೊದಲ ಸಲ ಎಲ್ಲರೂ ಸಿಗುತ್ತಿದ್ದರು. ಅತ್ತೆ ಬೆಳಗ್ಗೆಯೇ ಸೀರೆ ತೆಗೆದಿಟ್ಟರು. ಅಳಿಯ ಮಾಡಿಕೊಟ್ಟ ಹೊಸ ಹಲ್ಲಿನ ಸೆಟ್ಟು ವಸಡಿಗೆ ಒತ್ತುತ್ತಿತ್ತು ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಸ್ವೆಟರಿನ ಜೇಬಿಗೆ ಹಾಕಿ, ಸ್ವೆಟರನ್ನು ಕುರ್ಚಿಯ ಮೇಲೆ ಬಿಟ್ಟರು. ಡಾಕ್ಟರು ಒಗೆಯುವ ಸರದಿ ತಮ್ಮದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಮಷಿನ್ನಿಗೆ ತುಂಬಿದರು.

ಮಷಿನ್ನು ಅರ್ಧ ದಾರಿಯಲ್ಲಿ ಗಡಗಡ ಎಂದು ನಿಂತಿತು. ಹೊಟ್ಟೆ ತುಂಬ ನೀರು, ಬಾಗಿಲಿಗೆ ಬೀಗ. ಗಾಜಿನಾಚೆ ನೊರೆಯ ನಡುವೆ ಹಲ್ಲಿನ ಸಾಲೊಂದು ತೇಲಿಬಂದು ಡಾಕ್ಟರನ್ನು ನೋಡಿ ನಕ್ಕಿತು.

"ಅಯ್ಯಯ್ಯೋ, ನನ್ನ ಅಯ್ಯು!" ಎಂದು ಅತ್ತೆ ಕಿರುಚಿದರು. ಹಲ್ಲು ಎನ್ನುವುದಕ್ಕೂ ಹಲ್ಲು ಬೇಕು. "ಈ ಬಾಯಿ ಇಟ್ಕೊಂಡು ನಾನು ಓಗಲ್ಲ!"

ಸೆರಗನ್ನು ಬಾಯಿಗೆ ಒತ್ತಿಕೊಂಡು ಅವರು ಕೂತದ್ದು ಕಂಡು ಡಾಕ್ಟರಿಗೆ ನಿಜಕ್ಕೂ ಪಾಪ ಎನಿಸಿತು. ಕಂಪನಿಗೆ ಫೋನ್ ಹಚ್ಚಿದರು. ಆ ಕಡೆ ಮನುಷ್ಯರಿರಲಿಲ್ಲ, ಜೇನಿನಂಥ ಯಂತ್ರದ ದನಿ ಇತ್ತು.

"ನಿಮ್ಮ ಯಂತ್ರದ ಹೆಸರನ್ನು ಸ್ಪಷ್ಟವಾಗಿ ಹೇಳಿ."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಝೋವ್ರಾ."

"ಕ್ಷಮಿಸಿ, ಅರ್ಥವಾಗಲಿಲ್ಲ."

ಡಾಕ್ಟರು ಮೂಗನ್ನೂ ಸೇರಿಸಿಕೊಂಡು ಇನ್ನೊಮ್ಮೆ ಹೇಳಿದರು. ಅದಕ್ಕೆ ಅದೂ ಅರ್ಥವಾಗಲಿಲ್ಲ.

"ಕೊಡ್ರೀ ಇಲ್ಲಿ" ಎಂದು ಹೆಂಡತಿ ಫೋನ್ ಕಿತ್ತುಕೊಂಡಳು. "ಜೋವ್ರಕ್!"

"ಕ್ಷಮಿಸಿ, ಅರ್ಥವಾಗಲಿಲ್ಲ."

ಅತ್ತೆಯ ತಾಳ್ಮೆ ಮುಗಿಯಿತು. ಮಗಳ ಭುಜದ ಮೇಲಿಂದ ಬಾಗಿ ಫೋನಿನೊಳಗೇ ಕೂಗಿದರು: "ಯವಯಕ್ಕ!"

ಆ ದನಿ ಹಿಗ್ಗಿನಿಂದ ನುಡಿಯಿತು. "ಧನ್ಯವಾದಗಳು. ಯೋವ್ರಕ್ ಕುಟುಂಬಕ್ಕೆ ಸ್ವಾಗತ. ಬಾಗಿಲು ತೆರೆಯುತ್ತಿಲ್ಲವೇ?"

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಕೆಲವು ದೇಶಗಳಲ್ಲಿ ಜ ಅನ್ನೋದನ್ನ ಯ ಅಂತಾರೆ" ಎಂದರು ಡಾಕ್ಟರು. "ನಾನು ಅದನ್ನೇ ಹೇಳೋಣ ಅಂತಿದ್ದೆ."

"ನೀವು ಸುಮ್ಮನಿರಿ. ಅಮ್ಮಾ, ನೀನೇ ಮಾತಾಡು."

ಅತ್ತೆಯೂ ಯಂತ್ರವೂ ಬಹಳ ಹೊಂದಿಕೊಂಡು ಮಾತಾಡಿದರು. ಅತ್ತೆ ಕೈಸನ್ನೆ ಮಾಡಿದಂತೆ ಡಾಕ್ಟರು ನೆಲಕ್ಕೆ ಕೂತು ಕೆಳಗಿನ ಕೊಳವೆಯ ಮುಚ್ಚಳ ತಿರುಗಿಸಿದರು. ಮಷಿನ್ನಿನ ನೀರೆಲ್ಲ ಅವರ ಮಡಿಲಿಗೆ ಸುರಿಯಿತು. ಬಾಗಿಲು ಟಕ್ಕೆಂದು ತೆರೆಯಿತು. ಹಲ್ಲುಗಳು ಹಿಂದೆಂದೂ ಇಲ್ಲದಷ್ಟು ಬೆಳ್ಳಗಿದ್ದವು.

ಸಂಜೆ ಅತ್ತೆ ಹಲ್ಲು ತೊಳೆದು ಹಾಕಿಕೊಂಡು, ಸೀರೆ ಉಟ್ಟು, ನಗುತ್ತ ಹೋದರು. ನಗುತ್ತಲೇ ಬಂದರು. ಅಲ್ಲಿ ಏನು ಹೇಳಿದಿರಿ ಎಂದು ಕೇಳುವ ಧೈರ್ಯ ಡಾಕ್ಟರಿಗೆ ಬರಲಿಲ್ಲ.

ಅದು ಮರುದಿನ ತಾನೇ ತಿಳಿಯಿತು. ಕ್ಲಿನಿಕ್ಕಿನ ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆಯ ಸ್ನೇಹಿತೆ, ನಿವೃತ್ತ ಗಣಿತದ ಟೀಚರು, ಬಂದು ಕಾದಿದ್ದರು. ನೇರವಾಗಿ ಕುರ್ಚಿ ಹತ್ತಿ ಕೂತರು. ಡಾಕ್ಟರು ದೀಪ ಹಾಕಿ ನೋಡಿದರೆ ಮುತ್ತು ಪೋಣಿಸಿದಂಥ ಹಲ್ಲುಗಳು, ಒಂದಕ್ಕೂ ಹುಳುಕಿಲ್ಲ.

"ಏನು ತೊಂದರೆ ಮೇಡಂ?"

"ಹಲ್ಲಿಗೇನೂ ಇಲ್ಲಪ್ಪ. ನಮ್ಮನೇಲೂ ಅದೇ ಮಷಿನ್ನು. ಕೆಟ್ಟು ಕೂತಿದೆ, ನಾನು ಎಷ್ಟು ಬಾಯಿ ಬಡ್ಕೊಂಡ್ರೂ ಫೋನಿಗೆ ಅರ್ಥ ಆಗ್ತಿಲ್ಲ. ನಿಮ್ಮತ್ತೆ ಎಲ್ಲಾ ವಿವರವಾಗಿ ಹೇಳಿದ್ರು" ಎಂದು ಅವರು ತಲೆಯನ್ನು ಹಿಂದಕ್ಕೆ ಒರಗಿಸಿ ಬಾಯಿ ಅಗಲಿಸಿದರು. "ಮುಂದಿನ ಎರಡು ಕಿತ್ರೆ ಸಾಕಾ ಡಾಕ್ಟ್ರೇ, ಇಲ್ಲಾ ಪೂರ್ತಿ ತೆಗೀಬೇಕಾ?"