0.75ಕ್ಕೆ ಸೀತಕ್ಕ

ಬೆಳಗಿನ ಕಾಫಿ ಇನ್ನೂ ಗಂಟಲಿಳಿದಿರಲಿಲ್ಲ, ಜಗನ್ನಾಥನ ಮನೆಯ ಕಂಪ್ಯೂಟರಿನ ಮೇಲೆ ಹಳದಿ ಪಟ್ಟಿಯೊಂದು ಬಂದು ಕೂತಿತು. ಸ್ಪ್ರೆಡ್‌ಶೀಟಿನ ಟ್ರಯಲ್ ಮುಗಿದಿದೆ, ಇನ್ನು ನೋಡಬಹುದು, ಮುಟ್ಟುವಂತಿಲ್ಲ ಎಂದು ಅದರ ಸಾರಾಂಶ. ಟ್ರಯಲ್ ಮುಗಿದ ಮೇಲೆ ಶಿಕ್ಷೆ ತಾನೇ? ಅದೂ ಆ ಕ್ಷಣವೇ ಶುರುವಾಯಿತು.

"ರೀ, ನಮ್ಮ ರಾಗಿಣಿ ಅಕ್ಕ ಫೋನ್ ಮಾಡಿದ್ಲು. ನಾಳೆ ಆಗಲ್ವಂತೆ, ಇವತ್ತೇ ಆರು ಗಂಟೆಗೆ ಬರ್ತಾಳಂತೆ." ಹೆಂಡತಿ ವತ್ಸಲಾ ಸ್ಕೂಟರಿನ ಕೀ ಹುಡುಕುತ್ತಾ ಹೇಳಿದಳು. "ಆರಕ್ಕೆ ನಿಮ್ಮ ಸೀತಕ್ಕನ್ನ ಹಾಕಿದೀನಿ. ಅವರನ್ನ ನಾಳೆಗೆ ತಳ್ಳಿ, ಚಾರ್ಟ್‌ನ ಗ್ರೂಪಿಗೆ ಹಾಕ್ಬಿಡಿ. ಅವರಿಬ್ರೂ ಎದುರಾಬದುರಾ ಆದ್ರೆ ನಾನೂ ಬೊಂಬೆ ಜೊತೆ ಮೆಟ್ಟಿಲ ಮೇಲೆ ಕೂತ್ಬಿಡ್ತೀನಿ, ನೋಡಿ."

ನವರಾತ್ರಿ ಬಂತೆಂದರೆ ಬಸವೇಶ್ವರನಗರದ ಆ ರಸ್ತೆಯಲ್ಲಿ ಮನೆಮನೆಗೂ ಬೊಂಬೆ, ಮನೆಮನೆಗೂ ಅರಿಸಿನ ಕುಂಕುಮ. ಎಲ್ಲರೂ ಎಲ್ಲರ ಮನೆಗೂ ಹೊರಟರೆ ಬಾಗಿಲು ತೆಗೆಯುವುದಕ್ಕೆ ಯಾರೂ ಉಳಿಯುವುದಿಲ್ಲ. ಅದಕ್ಕೇ ವತ್ಸಲಾ ತಮ್ಮ ಮನೆಗೆ ಯಾರು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಚಾರ್ಟ್ ಮಾಡಿ ಗ್ರೂಪಿಗೆ ಹಾಕಿದ್ದಳು. ಆದರೆ ಆ ಚಾರ್ಟಿನ ನಿಜವಾದ ಕೆಲಸ ಬೇರೆ. ವಿಜಯನಗರದ ಸೀತಕ್ಕ ಜಗನ್ನಾಥನ ಒಡಹುಟ್ಟಿದವಳು; ಕೆಂಗೇರಿಯ ರಾಗಿಣಿ ವತ್ಸಲಾಳ ಒಡಹುಟ್ಟಿದವಳು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಿಂದೊಮ್ಮೆ ನಾಮಕರಣದಲ್ಲಿ ಎದುರಾದಾಗ ಅವರ ಮೌನಕ್ಕೇ ಬೆಚ್ಚಿ ಮಗು ಅತ್ತಿತ್ತು. ಜಗನ್ನಾಥ ಯಾರ ಕಡೆ ನಿಂತರೂ ಇನ್ನೊಂದು ಕಡೆ ಊಟವಿಲ್ಲ.

ಸೀತಕ್ಕನಿಗೆ ಫೋನ್ ಮಾಡೋಣವೆಂದರೆ "ಯಾಕೋ ಜಗ್ಗು, ಅವಳು ಬರ್ತಾಳಾ?" ಎಂದೇ ಕೇಳುತ್ತಾಳೆ. ಚಾರ್ಟಿಗಾದರೆ ಮುಲಾಜಿಲ್ಲ, ಅದನ್ನು ಯಾರೂ ಅಡ್ಡಪ್ರಶ್ನೆ ಕೇಳುವುದಿಲ್ಲ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ, ಅಂದು ರಜೆ ಹಾಕಿದ್ದ ಜಗನ್ನಾಥನಿಗೆ ಆಮ್ಲ, ಪ್ರತ್ಯಾಮ್ಲ ಗೊತ್ತೇ ಹೊರತು ಸಾಫ್ಟ್‌ವೇರ್ ಗೊತ್ತಿಲ್ಲ. ಮಹಡಿಯ ಬಾಡಿಗೆದಾರ ಮಹದೇವ್‌ನನ್ನು ಕರೆದ.

"ದುಡ್ಡು ಕೊಟ್ಟು ಯಾರು ಸಾರ್ ತಗೋತಾರೆ ಇದನ್ನ?" ಮಹದೇವ್ ಚಡ್ಡಿಯಲ್ಲೇ ಇಳಿದು ಬಂದು ಕುರ್ಚಿ ಎಳೆದುಕೊಂಡ. "ಫ್ರೀ ಸಾಫ್ಟ್‌ವೇರ್ ಹಾಕ್ಕೊಳಿ. ಲೈಫ್‌ಟೈಮ್ ಆರಾಮು."

"ನಮ್ಮ ಚಾರ್ಟ್ ತೆಗೆಯತ್ತಾ?"

"ಚಾರ್ಟ್ ಏನ್ ಸಾರ್, ಜಾತಕಾನೂ ತೆಗೆಯತ್ತೆ."

ತೆಗೆಯಿತು. ಆದರೆ ಸೀತಕ್ಕನ ಹೆಸರಿನ ಪಕ್ಕದಲ್ಲಿ ಸಂಜೆ ಆರು ಗಂಟೆ ಹೋಗಿ 0.75 ಬಂದು ಕೂತಿತ್ತು.

"ಇದೇನಯ್ಯಾ? ಮುಕ್ಕಾಲು ಗಂಟೆಗೆ ಬರ್ತಾಳಾ, ಮುಕ್ಕಾಲು ಸೀತಕ್ಕ ಬರ್ತಾಳಾ?"

"ದಿನದಲ್ಲಿ ಮುಕ್ಕಾಲು ಭಾಗ ಕಳೆದ್ರೆ ಸಂಜೆ ಆರಲ್ವಾ ಸಾರ್? ಕರೆಕ್ಟಾಗೇ ಇದೆ. ಫಾರ್ಮ್ಯಾಟ್ ಒಂದು ಬದಲಾಯಿಸ್ಬೇಕು." ಮಹದೇವ್ ಬದಲಾಯಿಸಿದ. ಆರು ಗಂಟೆಯೇನೋ ಬಂತು, ಆದರೆ ಅದು ಇಸವಿ ಸಾವಿರದ ಎಂಟುನೂರ ತೊಂಬತ್ತೊಂಬತ್ತರ ಸಂಜೆ ಆರು. ಅಷ್ಟರಲ್ಲಿ ಮಹದೇವ್‌ಗೆ ಆಫೀಸಿನ ಮೀಟಿಂಗ್ ಬಂದು, ಅವನು ಮೇಲಕ್ಕೆ ಹಾರಿದ.

ಕಿಟಕಿಯಲ್ಲಿ ಎದುರು ಮನೆಯ ಮಾಲವಿಕಾ ಕಾಣಿಸಿಕೊಂಡರು. ಆ ರಸ್ತೆಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಅವರಿಗೆ ಗೊತ್ತು.

"ಫ್ರೀದೆಲ್ಲಾ ಹಾಕ್ಬೇಡಿ ಜಗನ್ನಾಥ್, ವೈರಸ್ ಬರತ್ತೆ. ಆನ್‌ಲೈನ್‌ದು ತಗೊಳಿ. ಏನೂ ಇನ್‌ಸ್ಟಾಲ್ ಮಾಡೋದೇ ಬೇಡ, ಎಲ್ಲಾ ಮೋಡದಲ್ಲಿರತ್ತೆ."

"ಮಳೆ ಬಂದ್ರೆ?"

"ತಮಾಷೆ ಸಾಕು, ಸರೀರಿ ಆ ಕಡೆ," ಎನ್ನುತ್ತಾ ಮಾಲವಿಕಾ ಒಳಗೇ ಬಂದರು.

ಆನ್‌ಲೈನಿಗೆ ಓಟಿಪಿ ಬೇಕು. ಅದು ಹೋದದ್ದು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ವತ್ಸಲಾಳ ಫೋನಿಗೆ. ಅವಳು ತರಗತಿಯಿಂದ ಹೊರಬಂದು ಪಿಸುಗುಟ್ಟುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಮೂರನೆಯ ಓಟಿಪಿಗೆ ಬಾಗಿಲು ತೆರೆಯಿತು, ಹೆಂಡತಿಯ ಸಹನೆ ಮುಚ್ಚಿತು.

ಈಗ ಚಾರ್ಟ್ ಚೆನ್ನಾಗಿಯೇ ಕಂಡಿತು. ಜಗನ್ನಾಥ ಉಸಿರು ಬಿಗಿಹಿಡಿದು ಸೀತಕ್ಕನನ್ನು ನಾಳೆಗೆ ತಳ್ಳಿದ. ರಾಗಿಣಿಯನ್ನು ಇಂದಿನ ಆರಕ್ಕೆ ತಂದ. ಅಷ್ಟರಲ್ಲಿ ಪರದೆಯ ಮೇಲೆ ಗುಲಾಬಿ ಬಣ್ಣದ ಗೆರೆಯೊಂದು ದೆವ್ವ ಹೊಕ್ಕಂತೆ ತಾನೇ ತಾನಾಗಿ ಓಡಾಡತೊಡಗಿತು. ನೋಡಿದರೆ ಮಾಲವಿಕಾ ಲಿಂಕನ್ನು ತಮಗೂ ಕಳಿಸಿಕೊಂಡು, ಅಲ್ಲೇ ನಿಂತು ತಮ್ಮ ಫೋನಿನಿಂದಲೇ ಚಾರ್ಟಿನೊಳಗೆ ಇಳಿದಿದ್ದರು.

"ಹೆಸರೆಲ್ಲಾ ಚೆಲ್ಲಾಪಿಲ್ಲಿ ಇದಾವಲ್ರೀ! ನನ್ನದೇ ಸಿಗ್ತಿಲ್ಲ. ಅಕ್ಷರಕ್ರಮಕ್ಕೆ ಹಾಕ್ತೀನಿ, ತಾಳಿ."

ಅವರು ಹೆಸರಿನ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಒತ್ತಿದರು. ಹೆಸರುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಅ ಆ ಇ ಈ ಎಂದು ಶಿಸ್ತಾಗಿ ನಿಂತವು. ಪಕ್ಕದ ದಿನ, ವೇಳೆಗಳು ಮಾತ್ರ ಇದ್ದಲ್ಲೇ ಇದ್ದವು. ಯಾರದೋ ವೇಳೆ ಯಾರಿಗೋ. ಜಗನ್ನಾಥನಿಗೆ ಹೆಸರುಗಳ ಶಿಸ್ತಷ್ಟೇ ಕಂಡಿತು. ಫೋಟೋ ತೆಗೆದು ಗ್ರೂಪಿಗೆ ಹಾಕಿ, ಯುದ್ಧ ಗೆದ್ದವನಂತೆ ಮಲಗಿಬಿಟ್ಟ.

ಐದೂವರೆಗೆ ಬೆಲ್ ಆಯಿತು. ಹಳೆಯ ಚಾರ್ಟ್ ನೋಡಿದವರ ಜೊತೆಗೆ, ಹೊಸದನ್ನು ನೋಡಿ ನಾಡಿದ್ದು ಬರಬೇಕಾದವರೂ ರೇಷ್ಮೆ ಸೀರೆಯಲ್ಲಿ ಬಂದು ನಿಂತಿದ್ದರು. ಆಗಷ್ಟೇ ಬಂದಿದ್ದ ವತ್ಸಲಾ ನಾಲ್ಕು ಜನರ ಕಡಲೆ ಉಸಲಿಯನ್ನು ಎಂಟು ಜನಕ್ಕೆ ಹಂಚುತ್ತಾ ಗಂಡನನ್ನು ನೋಡಿದ ನೋಟಕ್ಕೆ ಒಗ್ಗರಣೆಯೇ ಬೇಕಿರಲಿಲ್ಲ. ಆರು ಹೊಡೆಯಿತು. ಒಂದು ಆಟೋದಿಂದ ರಾಗಿಣಿ ಇಳಿದರು. ಹಿಂದಿನ ಆಟೋದಿಂದ ಸೀತಕ್ಕ.

"ಚಾರ್ಟ್ ನೋಡೇ ಬಂದಿದೀನಿ," ಎಂದರು ಸೀತಕ್ಕ, ಗೋಡೆಗೆ ಹೇಳುವಂತೆ.

"ನಾನು ಬೆಳಗ್ಗೇನೇ ಫೋನ್ ಮಾಡಿ ಹೇಳಿ ಬಂದಿದೀನಿ," ಎಂದರು ರಾಗಿಣಿ, ಬಾಗಿಲಿಗೆ.

ಈ ಜಗಳವೊಂದು ಮಾತ್ರ ತಿಳಿಯದ ಮಾಲವಿಕಾ ಇಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸಿ, "ಯಾರಾದ್ರೂ ಒಂದು ಹಾಡು ಹೇಳ್ರೀ, ಬೊಂಬೆ ಮುಂದೆ ಸುಮ್ನೆ ಕೂತ್ಕೋಬಾರ್ದು!" ಎಂದರು.

"ನಾನು ಹಾಡಿದ್ರೆ ಕೆಲವರಿಗೆ ತಲೆನೋವು ಬರತ್ತಂತೆ," ಎಂದರು ರಾಗಿಣಿ.

ಸೀತಕ್ಕ ಗಕ್ಕನೆ ತಿರುಗಿದರು. "ಯಾರ್ರೀ ಹಾಗಂದೋರು? ನನ್ನ ಹಾಡನ್ನ ನೀವೇ ಅಲ್ವಾ ಮಿಕ್ಸಿ ಸದ್ದು ಅಂದಿದ್ದು?"

"ಅಯ್ಯೋ ದೇವ್ರೆ! ನಾನ್ಯಾಕೆ ಹಾಗನ್ಲಿ? ನಿಮಗೆ ತಲೆನೋವು ಅಂತ ನನಗೆ ಹೇಳಿದ್ದು ನಿಮ್ಮ ತಮ್ಮ!"

"ಮಿಕ್ಸಿ ಅಂತ ನನಗೆ ಹೇಳಿದ್ದೂ ಅವನೇ!"

ಇಡೀ ಹಾಲ್ ಜಗನ್ನಾಥನ ಕಡೆ ತಿರುಗಿತು. ಬೊಂಬೆಗಳೂ ತಿರುಗಿದವೆಂದೇ ಅವನಿಗೆ ಅನ್ನಿಸಿತು. ಆಗ ನೆನಪಾಯಿತು: ಯಾವುದೋ ನವರಾತ್ರಿಯ ಸಂಜೆ, ಟಿವಿಯಲ್ಲಿ ಕೊನೆಯ ಓವರು, ಹಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಇಬ್ಬರು, ಅವರ ಕಿವಿಯಲ್ಲಿ ತಾನು ಉಸುರಿದ ಒಂದೊಂದು ಮಾತು.

"ಅದೂ... ಮ್ಯಾಚು..." ಎಂದ ಜಗನ್ನಾಥ.

"ಜಗ್ಗು, ಬಾ ಇಲ್ಲಿ. ಮುಂದೆ ಕೂತ್ಕೋ," ಎಂದರು ಸೀತಕ್ಕ. ರಾಗಿಣಿಯ ಕೈ ಹಿಡಿದುಕೊಂಡರು. "ಇಷ್ಟು ವರ್ಷದ್ದು ಬಾಕಿ ಇದೆ ರಾಗಿಣಿ. ಇವತ್ತೇ ಶುರು ಮಾಡೋಣ, ವಿಜಯದಶಮಿವರೆಗೂ ದಿನಾ ಬರೋಣ. ವತ್ಸಲಾ, ಬಾಗಿಲು ಹಾಕಮ್ಮ, ಇವನು ಎದ್ದು ಹೋಗ್ತಾನೆ."

ವತ್ಸಲಾ ಸಂತೋಷವಾಗಿ ಚಿಲಕ ಹಾಕಿದಳು. ಸೀತಕ್ಕ, ರಾಗಿಣಿ ಕಣ್ಮುಚ್ಚಿ, ತಲೆಗೆ ತಲೆ ತಾಗಿಸಿ, ಒಟ್ಟಿಗೆ ಹಾಡತೊಡಗಿದರು. ಇಬ್ಬರ ನಡುವೆ ಎಲ್ಲವೂ ರಾಜಿಯಾಗಿತ್ತು, ಶ್ರುತಿಯೊಂದನ್ನು ಬಿಟ್ಟು.